ಗೋಲ್ಡನ್ ರಿಟ್ರೀವರ್ ದವಡೆ ಕೆಳಗೆ ಗಂಟು: ಇದು ಲಿಂಫೋಮಾನಾ? ಆಗಿದ್ದರೆ ಯಾಕೆ ಬಂತು?

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ಇರುವವರು. ನಮ್ಮ ಗೋಲ್ಡನ್ ರಿಟ್ರೀವರ್ ಬ್ರೂನೋಗೆ ಏಳು ವರ್ಷ, 30 ಕಿಲೋ ತೂಕ. ಹತ್ತು ತಿಂಗಳಿನವನಿದ್ದಾಗ ಸಂತಾನಹರಣ ಆಪರೇಷನ್ ಮಾಡಿಸಿದ್ದೆವು. ಮೂರು ವಾರದ ಹಿಂದೆ ಸ್ನಾನ ಮಾಡಿಸುವಾಗ ದವಡೆ ಕೆಳಗೆ ಎರಡೂ ಕಡೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ಈಗ ಹಿಂಗಾಲಿನ ಮಂಡಿಯ ಹಿಂದೆಯೂ ಇದೆ. ಒತ್ತಿದರೆ ನೋವಿಲ್ಲ. ಊಟ, ಓಡಾಟ ಎಲ್ಲ ಮೊದಲಿನಂತೆಯೇ. ಮಳೆಗಾಲದಲ್ಲಿ ಮೈತುಂಬ ಉಣ್ಣೆ ಹತ್ತಿತ್ತು. ಇಲ್ಲಿಯ ವೈದ್ಯರು ಲಿಂಫೋಮಾ ಇರಬಹುದು, ಪ್ರೆಡ್ನಿಸೋಲೋನ್ ಕೊಟ್ಟು ನೋಡೋಣ ಎಂದು ಬರೆದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ತೋಟಕ್ಕೆ ವರ್ಷಕ್ಕೆ ಎರಡು ಸಲ ಕಳೆ ಔಷಧಿ ಹೊಡೆಸುತ್ತೇವೆ, ಅದರಿಂದ ಬಂತೇ? ಬ್ರಾಯ್ಲರ್ ಕೋಳಿಯಿಂದಲೇ? ವರ್ಷ ವರ್ಷ ಹಾಕಿಸುವ ಲಸಿಕೆಯಿಂದಲೇ? ನಾಲ್ಕು ವರ್ಷದ ಮಗಳು ಅವನ ಪಕ್ಕದಲ್ಲೇ ಮಲಗುತ್ತಾಳೆ, ಮಗುವಿಗೆ ಅಂಟುತ್ತದೆ ದೂರ ಇಡಿ ಎಂದು ಅತ್ತೆ ಹೇಳುತ್ತಿದ್ದಾರೆ. ಕೀಮೋ ಕೊಡಿಸಿದರೆ ಅವನಿಗೆ ಹಿಂಸೆ ಕೊಟ್ಟಂತೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಒಂದು, ಇದು ಕ್ಯಾನ್ಸರ್ ಇರಬಹುದೆಂಬುದು. ಇನ್ನೊಂದು, ನಮ್ಮ ಕೈಯಾರೆ ತಂದೆವೇನೋ ಎಂಬುದು. ಎರಡಕ್ಕೂ ಉತ್ತರಿಸುತ್ತೇನೆ. ಅದಕ್ಕೂ ಮೊದಲು ಈ ವಾರವೇ ಆಗಬೇಕಾದ ಒಂದು ಕೆಲಸವಿದೆ: ಆ ಗಂಟಿನಿಂದ ಸೂಜಿಯಲ್ಲಿ ಸ್ಯಾಂಪಲ್ ತೆಗೆಸಿ. ಅದಾಗುವವರೆಗೆ ಪ್ರೆಡ್ನಿಸೋಲೋನ್ ಶುರು ಮಾಡಬೇಡಿ. ಇನ್ನೂ ಒಂದು ಮಾತ್ರೆಯನ್ನೂ ಕೊಟ್ಟಿಲ್ಲ ಎಂಬುದು ಬ್ರೂನೋ ಪಾಲಿಗೆ ದೊಡ್ಡ ಅನುಕೂಲ.

ಕಾರಣ ಹೀಗಿದೆ. ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಪ್ರೆಡ್ನಿಸೋಲೋನ್ ಒಂದು ಸ್ಟೀರಾಯ್ಡ್, ಅದು ಈ ಕಣಗಳನ್ನು ನೇರವಾಗಿ ಕೊಲ್ಲುತ್ತದೆ. ಹಾಗಾಗಿ ಮಾತ್ರೆ ಶುರುವಾದ ಎರಡು ಮೂರು ದಿನದಲ್ಲೇ ಗಂಟು ಕರಗಬಹುದು, ಮನೆಯವರಿಗೆ ಗುಣವಾಯಿತು ಅನಿಸಬಹುದು. ಆದರೆ ಕೆಲವು ವಾರಗಳಲ್ಲಿ ಅದು ಮರಳಿ ಬರುತ್ತದೆ, ಮತ್ತು ಹಾಗೆ ಬಂದ ಕ್ಯಾನ್ಸರ್ ಕಣಗಳು ಔಷಧಿಯನ್ನು ತಮ್ಮೊಳಗಿಂದ ಹೊರದಬ್ಬುವುದನ್ನು ಕಲಿತಿರುತ್ತವೆ. ಆಮೇಲೆ ಕೊಡುವ ಕೀಮೋ ಔಷಧಿಗಳೂ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಜೊತೆಗೆ, ಕರಗಿದ ಗಂಟಿನಿಂದ ತೆಗೆದ ಸ್ಯಾಂಪಲ್ಲಿನಲ್ಲಿ ರೋಗ ಯಾವುದೆಂದು ಹೇಳುವುದೇ ಕಷ್ಟ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ, ಮುಂದೆ ಬ್ರೂನೋಗೆ ಅದು ಬೇಕಾಗಲೂಬಹುದು. ಕ್ರಮ ತಪ್ಪಬಾರದು ಅಷ್ಟೇ. ಉಸಿರಾಟಕ್ಕೇ ತೊಂದರೆಯಾಗುವಷ್ಟು ಊತವಿದ್ದರೂ ಮೊದಲು ಸೂಜಿ ಹಾಕಿ ಸ್ಲೈಡ್ ಮಾಡಿಕೊಂಡು ಅದೇ ದಿನ ಸ್ಟೀರಾಯ್ಡ್ ಕೊಡಬಹುದು. ನಡುವೆ ಹತ್ತು ನಿಮಿಷ ಸಾಕು.

ನಿಮ್ಮ ವೈದ್ಯರ ಅನುಮಾನಕ್ಕೆ ಆಧಾರವಿದೆ. ನಾಯಿಗಳಲ್ಲಿ ಕಾಣುವ ಲಿಂಫೋಮಾಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹೀಗೆಯೇ ಶುರುವಾಗುತ್ತವೆ: ದವಡೆ ಕೆಳಗೆ, ಭುಜದ ಮುಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಮಂಡಿ ಹಿಂದೆ ಇರುವ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಎರಡೂ ಬದಿಯಲ್ಲಿ ಸಮನಾಗಿ, ಗಟ್ಟಿಯಾಗಿ, ನೋವಿಲ್ಲದೆ ದೊಡ್ಡದಾಗುತ್ತವೆ. ನಾಯಿ ಆರಾಮಾಗಿಯೇ ಇರುತ್ತದೆ. ಏಳು ವರ್ಷದ ಗೋಲ್ಡನ್ ಎಂದಾಗ ಯಾವ ವೈದ್ಯರಿಗಾದರೂ ಮೊದಲು ಹೊಳೆಯುವುದು ಇದೇ.

ಆದರೆ ನಮ್ಮ ಕಡೆ ಇದನ್ನೇ ಹೋಲುವ ಇನ್ನೊಬ್ಬ ಇದ್ದಾನೆ, ಅವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕು. ನಾಯಿಯ ಕಂದು ಉಣ್ಣೆ ಹರಡುವ ಈ ರೋಗಾಣು ಬಿಳಿ ರಕ್ತಕಣಗಳಲ್ಲೇ ಸೇರಿಕೊಂಡು ಗ್ರಂಥಿಗಳನ್ನು, ಗುಲ್ಮವನ್ನು (ಸ್ಪ್ಲೀನ್) ಊದಿಸುತ್ತದೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕಿ, ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿತ ಇವೆಲ್ಲ ಅದರ ಗುರುತುಗಳು. ಇದರಲ್ಲಿ ಗ್ರಂಥಿ ಊದಿದರೂ ಸಾಮಾನ್ಯವಾಗಿ ನಿಂಬೆಹಣ್ಣಿನ ಗಾತ್ರಕ್ಕೆ ಬರುವುದಿಲ್ಲ. ಆದರೂ ಬರೀ ಕೈಯಿಂದ ಮುಟ್ಟಿ ಇದು ಅದಲ್ಲ ಎಂದು ತೀರ್ಮಾನಿಸಬಾರದು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಕ್ಲಿನಿಕ್‌ನಲ್ಲೇ ಮಾಡುವ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದ ಕೂಡಲೇ ಇದು ಉಣ್ಣೆ ಜ್ವರವೇ ಎಂದು ನಿರಾಳವಾಗುವುದು ಮೊದಲನೆಯದು. ಆ ಟೆಸ್ಟ್ ಹುಡುಕುವುದು ದೇಹ ತಯಾರಿಸಿದ ಪ್ರತಿಕಾಯವನ್ನು. ಅದು ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಉಣ್ಣೆಯ ನಡುವೆ ಬೆಳೆದ ತೋಟದ ನಾಯಿಗೆ ಪಾಸಿಟಿವ್ ಬಂದರೆ ಆಶ್ಚರ್ಯವೇನಿಲ್ಲ, ಅದು ಲಿಂಫೋಮಾ ಇಲ್ಲ ಎಂದು ಹೇಳುವುದಿಲ್ಲ. ಎರಡೂ ಒಟ್ಟಿಗೇ ಇರಬಹುದು. ಎರಡನೆಯದು, 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟು ಆಮೇಲೆ ನೋಡೋಣ ಎಂದು ಕಾಯುವುದು. ಎರ್ಲಿಕಿಯಾಕ್ಕೆ ಆ ಔಷಧಿ ಸರಿಯೇ. ಕಿಲೋಗೆ 10 ಮಿ.ಗ್ರಾಂ ಲೆಕ್ಕದಲ್ಲಿ ಬ್ರೂನೋಗೆ ದಿನಕ್ಕೆ 300 ಮಿ.ಗ್ರಾಂ, ಊಟದ ಜೊತೆ. ಆದರೆ ಚಿಕಿತ್ಸೆಯಿಲ್ಲದೆ ವೇಗವಾಗಿ ಬೆಳೆಯುವ ಲಿಂಫೋಮಾ ನಾಯಿಯನ್ನು ನಾಲ್ಕರಿಂದ ಆರು ವಾರದಲ್ಲೇ ಕೊಂಡೊಯ್ಯಬಲ್ಲದು. ಕಾಯುವ ಆ ನಾಲ್ಕು ವಾರ ಅವನ ಬಳಿ ಇಲ್ಲದಿರಬಹುದು. ಡಾಕ್ಸಿಸೈಕ್ಲಿನ್ ಬೇಕಾದರೆ ಶುರು ಮಾಡಿ, ಅದು ಸ್ಯಾಂಪಲ್ಲನ್ನು ಕೆಡಿಸುವುದಿಲ್ಲ. ಸೂಜಿ ಪರೀಕ್ಷೆ ಮಾತ್ರ ಅದರ ಜೊತೆಗೇ ಆಗಲಿ.

ಸೂಜಿ ಪರೀಕ್ಷೆಗೆ ಅರಿವಳಿಕೆ ಬೇಡ, ಕಷ್ಟವೂ ಇಲ್ಲ. ಲಸಿಕೆಗೆ ಬಳಸುವಂಥ 22 ಅಥವಾ 23 ಗೇಜ್ ಸೂಜಿ ಸಾಕು. ಆದರೆ ಎಲ್ಲಿಂದ ತೆಗೆಯುತ್ತಾರೆ ಎಂಬುದು ಮುಖ್ಯ. ಕೈಗೆ ಸುಲಭವಾಗಿ ಸಿಗುತ್ತದೆಂದು ದವಡೆ ಕೆಳಗಿನ ಗಂಟಿಗೆ ಚುಚ್ಚುವುದುಂಟು. ಹಲ್ಲಿನ ಪಾಚಿ, ಒಸಡಿನ ಸೋಂಕಿನಿಂದ ಅಲ್ಲಿಯ ಗ್ರಂಥಿ ಬೇರೆ ಕಾರಣಕ್ಕೂ ಊದಿರುತ್ತದೆ. ಪಕ್ಕದಲ್ಲೇ ಜೊಲ್ಲುಗ್ರಂಥಿ ಇರುವುದರಿಂದ ಸೂಜಿ ಅದಕ್ಕೆ ಹೋಗುವುದೂ ಇದೆ. ಬ್ರೂನೋಗೆ ಮಂಡಿ ಹಿಂದೆಯೂ ಗಂಟಿದೆ ಎಂದಿದ್ದೀರಿ, ಅಲ್ಲಿಂದಲೇ ತೆಗೆಯಲು ಕೇಳಿ. ಭುಜದ ಮುಂದೆ ಇದ್ದರೆ ಅಲ್ಲಿಂದಲೂ. ಕನಿಷ್ಠ ಎರಡು ಗ್ರಂಥಿ, ನಾಲ್ಕೈದು ಸ್ಲೈಡ್. ಈ ಕಣಗಳು ಬಹಳ ನಾಜೂಕು. ಸ್ಲೈಡಿನ ಮೇಲೆ ಒತ್ತಿ ಎಳೆದರೆ ಒಡೆದು ಹೋಗಿ ಲ್ಯಾಬಿನವರಿಗೆ ಏನೂ ಕಾಣುವುದಿಲ್ಲ. ಸ್ಲೈಡುಗಳನ್ನು ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ ಕಳಿಸಬೇಕು, ಫ್ರಿಜ್‌ನಲ್ಲಿ ಇಡಬಾರದು. ಬಯಾಪ್ಸಿ ತುಂಡು ಹಾಕಿದ ಫಾರ್ಮಲಿನ್ ಬಾಟಲಿಯ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೂ ಅದರ ಹಬೆಗೆ ಸ್ಲೈಡ್ ಹಾಳಾಗುತ್ತದೆ. ಫಲಿತಾಂಶ ಅಸ್ಪಷ್ಟ ಎಂದು ಬರುವುದಕ್ಕೆ ಹಲವು ಸಲ ಇಂಥ ಸಣ್ಣ ಕಾರಣಗಳೇ ಇರುತ್ತವೆ. ನಿಮಗೆ ಹಾಸನ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳು ಹತ್ತಿರ, ಬೆಂಗಳೂರಿನ ಹೆಬ್ಬಾಳದ್ದು ಇನ್ನೊಂದು ದಾರಿ.

ಲಿಂಫೋಮಾ ಎಂದು ಖಚಿತವಾದರೆ ಅಲ್ಲಿಗೇ ನಿಲ್ಲಿಸದೆ, ಅದು ಬಿ ಕಣದ್ದೋ ಟಿ ಕಣದ್ದೋ ಎಂದೂ ಕೇಳಿ. ಇವು ಲಿಂಫೋಸೈಟ್‌ನ ಎರಡು ಬಗೆಗಳು. ಗೋಲ್ಡನ್ ಸಾಕಿದವರಿಗೆ ಈ ಪ್ರಶ್ನೆ ಬಹಳ ಮುಖ್ಯ. ಬಿ ಕಣದ ಲಿಂಫೋಮಾ ಹೆಚ್ಚು ಸಾಮಾನ್ಯ, ಕೀಮೋಗೆ ಚೆನ್ನಾಗಿ ಸ್ಪಂದಿಸುತ್ತದೆ. ಟಿ ಕಣದ್ದರಲ್ಲಿ ಹೆಚ್ಚಿನವು ಒರಟು, ಅಂದರೆ ವೇಗವಾಗಿ ಬೆಳೆಯುವಂಥವು. ಆದರೆ ಟಿ-ಝೋನ್ ಎಂಬ ಒಂದು ಬಗೆ ತೀರಾ ನಿಧಾನ, ಮತ್ತು ಅದು ಗೋಲ್ಡನ್‌ಗಳಲ್ಲೇ ಎದ್ದು ಕಾಣುತ್ತದೆ. ಅದಿದ್ದರೆ ನಾಯಿ ಗಂಟು ಇಟ್ಟುಕೊಂಡೇ ಹಲವು ಸಲ ಎರಡು ವರ್ಷಕ್ಕೂ ಮೀರಿ ಬದುಕುತ್ತದೆ. ಎಷ್ಟೋ ಬಾರಿ ಶುರುವಿನಲ್ಲಿ ಔಷಧಿಯೇ ಬೇಕಾಗುವುದಿಲ್ಲ. ಒಂದೇ ಹೆಸರಿನ ಎರಡು ರೋಗಗಳ ನಡುವೆ ಇಷ್ಟು ಅಂತರವಿರುವಾಗ ಬಗೆ ತಿಳಿಯದೆ ಚಿಕಿತ್ಸೆ ನಿರ್ಧರಿಸುವುದು ಸರಿಯಲ್ಲ. ಕಣಗಳನ್ನು ಯಂತ್ರದಲ್ಲಿ ಬಗೆ ಗುರುತಿಸಿ ಎಣಿಸುವ ಫ್ಲೋ ಸೈಟೋಮೆಟ್ರಿ ಅಥವಾ ಬಯಾಪ್ಸಿ ತುಂಡಿಗೆ ಮಾಡುವ ವಿಶೇಷ ಬಣ್ಣದ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಜೊತೆಗೆ ಪೂರ್ತಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ನೋಡುವುದನ್ನು ಮರೆಯಬಾರದು: ಕೆಲವು ಲಿಂಫೋಮಾಗಳು, ಅದರಲ್ಲೂ ಟಿ ಕಣದವು, ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಮನೆಯಲ್ಲೇ ಅಳೆಯಬಹುದಾದ ಸೂಚನೆ ನೀರು. 30 ಕಿಲೋ ನಾಯಿ ದಿನಕ್ಕೆ ಮೂರು ಲೀಟರ್‌ಗಿಂತ ಹೆಚ್ಚು ಕುಡಿಯುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ಇನ್ನು ಯಾಕೆ ಬಂತು ಎಂಬ ಪ್ರಶ್ನೆ.

ಅತಿ ದೊಡ್ಡ ಕಾರಣ ಹುಟ್ಟಿನಲ್ಲೇ ಇದೆ. ಗೋಲ್ಡನ್ ರಿಟ್ರೀವರ್, ಬಾಕ್ಸರ್, ಬುಲ್‌ಮಾಸ್ಟಿಫ್, ರಾಟ್‌ವೈಲರ್, ಬ್ಯಾಸೆಟ್ ಹೌಂಡ್, ಸೇಂಟ್ ಬರ್ನಾರ್ಡ್ ತಳಿಗಳಲ್ಲಿ ಲಿಂಫೋಮಾ ಹೆಚ್ಚು. ಡ್ಯಾಶ್‌ಹಂಡ್, ಪಮೇರಿಯನ್‌ಗಳಲ್ಲಿ ಕಡಿಮೆ. ಬಾಕ್ಸರ್‌ಗೆ ಬಂದರೆ ಬಹುತೇಕ ಟಿ ಕಣದ್ದೇ ಆಗಿರುತ್ತದೆ. ಯಾವ ಬಗೆ ಬರುತ್ತದೆ ಎಂಬುದನ್ನೂ ತಳಿಯೇ ಇಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂದರೆ, ವಂಶವಾಹಿಯ ಪಾಲು ಎಷ್ಟು ದೊಡ್ಡದೆಂದು ಊಹಿಸಬಹುದು. ಗೋಲ್ಡನ್‌ಗಳಲ್ಲಿ ಕ್ಯಾನ್ಸರ್ ಎಷ್ಟು ಹೆಚ್ಚೆಂದರೆ, ಅಮೆರಿಕದ ಮೋರಿಸ್ ಅನಿಮಲ್ ಫೌಂಡೇಶನ್ 2012ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಜೀವನಪೂರ್ತಿ ಗಮನಿಸುವ ಅಧ್ಯಯನವನ್ನೇ ಶುರು ಮಾಡಿತು. ವಯಸ್ಸು ಎರಡನೆಯ ಕಾರಣ. ಆರರಿಂದ ಒಂಬತ್ತು ವರ್ಷದ ನಡುವೆ ಹೆಚ್ಚು ಕಾಣಿಸಿಕೊಳ್ಳುತ್ತದೆ.

ನೀವು ಕೇಳದಿದ್ದರೂ ಆಪರೇಷನ್ ವಿಷಯ ಹೇಳಬೇಕು, ಯಾಕೆಂದರೆ ಎಲ್ಲಾದರೂ ಓದಿ ಕೊರಗುವುದು ಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರ 2013ರಲ್ಲಿ 759 ಗೋಲ್ಡನ್‌ಗಳ ದಾಖಲೆ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷಕ್ಕೂ ಮೊದಲೇ ಸಂತಾನಹರಣವಾದ ಗಂಡುಗಳಲ್ಲಿ ಸುಮಾರು ನೂರಕ್ಕೆ ಹತ್ತರಲ್ಲಿ ಲಿಂಫೋಮಾ ಇತ್ತು. ಆಪರೇಷನ್ ಆಗದ ಗಂಡುಗಳಿಗಿಂತ ಇದು ಮೂರು ಪಟ್ಟು. ಒಂದೇ ಆಸ್ಪತ್ರೆಯ ದಾಖಲೆ, ಒಂದೇ ತಳಿ. ಎಲ್ಲ ನಾಯಿಗಳಿಗೂ ಅನ್ವಯಿಸುವಂತಿಲ್ಲ. ಆದರೆ ಮುಂದೆ ಇನ್ನೊಂದು ಗೋಲ್ಡನ್ ಸಾಕುವುದಾದರೆ ಆಪರೇಷನ್ನನ್ನು ಒಂದು ವರ್ಷ ಕಳೆದ ಮೇಲೆ ಮಾಡಿಸಿ ಎಂದೇ ನಾನು ಹೇಳುತ್ತೇನೆ. ಬ್ರೂನೋಗೆ ಆಪರೇಷನ್ ಮಾಡಿಸಿದಾಗ ನಿಮಗೆ ಸಿಕ್ಕಿದ್ದು ಆಗ ಎಲ್ಲರೂ ಕೊಡುತ್ತಿದ್ದ ಸಲಹೆಯೇ.

ಕಳೆ ಔಷಧಿಯ ಬಗ್ಗೆ ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ, ಆದರೆ ತೀರ್ಪು ಕೊಡುವಷ್ಟು ಗಟ್ಟಿಯೂ ಅಲ್ಲ. 1991ರ ಅಮೆರಿಕದ ಅಧ್ಯಯನವೊಂದು, ಹುಲ್ಲುಹಾಸಿಗೆ ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಬಾರಿ 2,4-ಡಿ ಎಂಬ ಕಳೆ ಔಷಧಿ ಹೊಡೆಯುವ ಮನೆಗಳ ನಾಯಿಗಳಲ್ಲಿ ಲಿಂಫೋಮಾ ಸಾಧ್ಯತೆ ಎರಡು ಪಟ್ಟು ಎಂದಿತು. ಅದೇ ಅಂಕಿಅಂಶಗಳನ್ನು ಮತ್ತೆ ಜಾಲಾಡಿದ ಇನ್ನೊಂದು ತಂಡಕ್ಕೆ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. 2012ರಲ್ಲಿ ಬಾಸ್ಟನ್ ಕಡೆಯ ಅಧ್ಯಯನದಲ್ಲಿ, ವೃತ್ತಿಪರರಿಂದ ಅಂಗಳಕ್ಕೆ ಕೀಟ-ಕಳೆ ಔಷಧಿ ಹೊಡೆಸುವ ಮನೆಗಳಲ್ಲಿ ಸಾಧ್ಯತೆ ನೂರಕ್ಕೆ ಎಪ್ಪತ್ತರಷ್ಟು ಹೆಚ್ಚು ಕಂಡಿತು. ಇಟಲಿಯ ಅಧ್ಯಯನಗಳಲ್ಲಿ ಕಾರ್ಖಾನೆ ಪ್ರದೇಶದ ವಾಸ, ಮನೆಯವರು ಪೇಂಟ್ ಮತ್ತು ಸಾಲ್ವೆಂಟ್ ಬಳಸುವುದು ಇಂಥವು ಹೊರಬಂದವು. ಇವೆಲ್ಲ ಗುಂಪಿನ ಲೆಕ್ಕ. ಒಂದು ನಾಯಿಯನ್ನು ತೋರಿಸಿ ಇದಕ್ಕೆ ಇದರಿಂದಲೇ ಬಂತು ಎನ್ನಲು ಇವು ಯಾವುವೂ ನೆರವಾಗುವುದಿಲ್ಲ.

ಹಾಗಂತ ಎಚ್ಚರ ಬೇಡವೆಂದಲ್ಲ. ನಾಯಿ ಬರಿಗಾಲಲ್ಲಿ ಒದ್ದೆ ಹುಲ್ಲಿನಲ್ಲಿ ಓಡಾಡಿ, ಮನೆಗೆ ಬಂದು ಪಾದ ನೆಕ್ಕುತ್ತದೆ. ಔಷಧಿ ದೇಹಕ್ಕೆ ಹೋಗುವ ಮುಖ್ಯ ದಾರಿ ಇದೇ. ಹೊಡೆದ ಜಾಗಕ್ಕೆ ಅದು ಪೂರ್ತಿ ಒಣಗುವವರೆಗೆ ಬಿಡಬೇಡಿ, ಎರಡು ದಿನ ತಡೆದರೆ ಇನ್ನೂ ಒಳ್ಳೆಯದು. ಮನೆಯ ಅಂಗಳ, ನಾಯಿ ಮಲಗುವ ಜಾಗದ ಸುತ್ತ ಕತ್ತಿಯಲ್ಲೇ ಕಳೆ ಸವರಿಸಿ. ತೋಟದಿಂದ ಬಂದ ಮೇಲೆ ಕಾಲು ತೊಳೆದು ಒರೆಸಿ. ಸ್ಪ್ರೇಯರ್ ತೊಳೆದ ನೀರು ನಿಲ್ಲುವ ಗುಂಡಿ ಅವನ ಬಾಯಿಗೆ ಸಿಗದಿರಲಿ. ಉಣ್ಣೆಗೆ ಹಾಕುವ ಔಷಧಿಯನ್ನು ಮಾತ್ರ ಇದೇ ಭಯದಲ್ಲಿ ನಿಲ್ಲಿಸಬೇಡಿ: ಅದೇ ಬಾಸ್ಟನ್ ಅಧ್ಯಯನದಲ್ಲಿ ಉಣ್ಣೆ-ಚಿಗಟದ ಔಷಧಿಗೂ ಲಿಂಫೋಮಾಕ್ಕೂ ಸಂಬಂಧ ಸಿಗಲಿಲ್ಲ. ಉಣ್ಣೆಯನ್ನು ಹಾಗೇ ಬಿಟ್ಟರೆ ಆಗುವ ಹಾನಿಯಂತೂ ಖಚಿತ.

ಬ್ರಾಯ್ಲರ್ ಕೋಳಿಯಿಂದ ನಾಯಿಗೆ ಲಿಂಫೋಮಾ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ವಾರ್ಷಿಕ ಲಸಿಕೆಯಿಂದ ಬರುತ್ತದೆ ಎನ್ನುವುದಕ್ಕೂ ಇಲ್ಲ. ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಇದ್ದರೆ ಬೆಕ್ಕುಗಳಲ್ಲಿ ಲಿಂಫೋಮಾ ಹೆಚ್ಚುತ್ತದೆಂದು ಚೆನ್ನಾಗಿ ಗೊತ್ತಿದೆ. ನಾಯಿಗಳಲ್ಲಿ ಸಾಕ್ಷ್ಯ ಅಷ್ಟು ಬಲವಾಗಿಲ್ಲ.

ಮಗಳ ಬಗ್ಗೆ: ಲಿಂಫೋಮಾ ನಾಯಿಯಿಂದ ಮನುಷ್ಯರಿಗೆ ಅಂಟುವುದಿಲ್ಲ, ಇನ್ನೊಂದು ನಾಯಿಗೂ ಅಂಟುವುದಿಲ್ಲ. ನೆಕ್ಕಿದರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಇಲ್ಲ. ಬೆಕ್ಕು ಮತ್ತು ದನಗಳಲ್ಲಿ ವೈರಸ್‌ನಿಂದ ಬರುವ ಲಿಂಫೋಮಾ ಉಂಟು, ಅವೂ ಮನುಷ್ಯರಿಗೆ ಬರುವುದಿಲ್ಲ. ಬೀದಿನಾಯಿಗಳ ಜನನಾಂಗದಲ್ಲಿ ಕಾಣುವ, ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಗಡ್ಡೆಯೊಂದಿದೆ. ಅತ್ತೆಯವರು ಕೇಳಿರುವುದು ಬಹುಶಃ ಅದರ ಬಗ್ಗೆ. ಅದು ಬೇರೆಯೇ ರೋಗ, ಅದೂ ಮಕ್ಕಳಿಗೆ ಬರುವಂಥದ್ದಲ್ಲ. ಮಗುವನ್ನು ಸ್ವಲ್ಪ ದೂರ ಇಡಬೇಕಾದ ಸಂದರ್ಭ ಒಂದೇ: ಕೀಮೋ ಕೊಟ್ಟ ನಂತರದ ಮೂರು ದಿನ. ಆಗ ಅವನ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಗ್ಲೌಸ್ ಹಾಕಿ ತೆಗೆಯಿರಿ, ಆ ಜಾಗಕ್ಕೆ ಧಾರಾಳವಾಗಿ ನೀರು ಸುರಿಯಿರಿ, ರಾತ್ರಿ ಬೇರೆ ಮಲಗಿಸಿ. ಗರ್ಭಿಣಿಯರು ಆ ಕೆಲಸ ಮಾಡಬಾರದು.

ಚಿಕಿತ್ಸೆಯ ವಿಷಯಕ್ಕೆ ಬರೋಣ. ನಾಯಿಗೆ ಕೊಡುವ ಕೀಮೋದ ಗುರಿ ಮನುಷ್ಯರದ್ದಕ್ಕಿಂತ ಬೇರೆ. ರೋಗವನ್ನು ಬೇರುಸಹಿತ ಕೀಳಲು ದೇಹವನ್ನು ಹಣಿಯುವಷ್ಟು ಡೋಸ್ ಇಲ್ಲಿ ಕೊಡುವುದಿಲ್ಲ. ಚೆನ್ನಾಗಿ ಬದುಕುವ ತಿಂಗಳುಗಳನ್ನು ಹೆಚ್ಚಿಸಲು ಕೊಡುತ್ತೇವೆ. ಬಹುಪಾಲು ನಾಯಿಗಳು ಈ ಅವಧಿಯಲ್ಲಿ ತಿಂದುಂಡು ಓಡಾಡಿಕೊಂಡೇ ಇರುತ್ತವೆ. ಗೋಲ್ಡನ್‌ಗಳಲ್ಲಿ ಕೂದಲು ಪೂರ್ತಿ ಉದುರುವುದಿಲ್ಲ, ಮೀಸೆ ಕೂದಲು ಹೋಗಬಹುದು. ಆದರೆ ಪೂರ್ತಿ ಗುಣವಾಗುವುದು ಅಪರೂಪ, ಅದನ್ನು ಮೊದಲೇ ತಿಳಿದಿರಬೇಕು.

ಬಿ ಕಣದ ಲಿಂಫೋಮಾಗೆ ಇವತ್ತಿಗೂ ಅತ್ಯುತ್ತಮವೆಂದರೆ ಚಾಪ್ ಎಂದು ಕರೆಯುವ ಕ್ರಮ. ಮೊದಲ ವಾರ ವಿನ್‌ಕ್ರಿಸ್ಟಿನ್, ಎರಡನೆಯ ವಾರ ಸೈಕ್ಲೋಫಾಸ್ಫಮೈಡ್, ಮೂರನೆಯ ವಾರ ಮತ್ತೆ ವಿನ್‌ಕ್ರಿಸ್ಟಿನ್, ನಾಲ್ಕನೆಯ ವಾರ ಡಾಕ್ಸೋರುಬಿಸಿನ್, ಐದನೆಯ ವಾರ ವಿಶ್ರಾಂತಿ. ಹೀಗೆ ನಾಲ್ಕು ಸುತ್ತು, ಒಟ್ಟು 16 ಬಾರಿ, ಸುಮಾರು 19 ವಾರ. ಪ್ರೆಡ್ನಿಸೋಲೋನ್ ಸೇರುವುದು ಇಲ್ಲಿ: ಮೊದಲ ನಾಲ್ಕು ವಾರ, ಪ್ರತಿ ವಾರ ಇಳಿಸುತ್ತಾ. ಹತ್ತರಲ್ಲಿ ಎಂಟು ಒಂಬತ್ತು ನಾಯಿಗಳಲ್ಲಿ ಗಂಟುಗಳು ಮಾಯವಾಗುತ್ತವೆ. ಬದುಕು ಸರಾಸರಿ ಒಂದು ವರ್ಷದ ಆಸುಪಾಸು. ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ನಾಯಿ ಎರಡು ವರ್ಷ ದಾಟುತ್ತದೆ. ಒರಟು ಟಿ ಕಣದ ಬಗೆಯಲ್ಲಿ ಆರರಿಂದ ಒಂಬತ್ತು ತಿಂಗಳು.

ವಾರ ವಾರ ಬೆಟ್ಟ ಇಳಿದು ಆಸ್ಪತ್ರೆಗೆ ಹೋಗುವುದು ಆಗದ ಮಾತು ಎಂದಾದರೆ ಡಾಕ್ಸೋರುಬಿಸಿನ್ ಒಂದನ್ನೇ ಮೂರು ವಾರಕ್ಕೊಮ್ಮೆ, ಐದು ಸಲ ಕೊಡಬಹುದು. ಆರೆಂಟು ತಿಂಗಳು ನಿರೀಕ್ಷಿಸಬಹುದು. ತೋಟದ ಮನೆಗಳಿಗೆ ಇದು ಒಳ್ಳೆಯ ನಡುದಾರಿ ಎಂದು ನನ್ನ ಅಭಿಪ್ರಾಯ. ಬ್ರೂನೋ ತೂಕಕ್ಕೆ ಮೈಮೇಲ್ಮೈ ಸುಮಾರು ಒಂದು ಚದರ ಮೀಟರ್, ಅಂದರೆ ಚದರ ಮೀಟರ್‌ಗೆ 30 ಮಿ.ಗ್ರಾಂ ಲೆಕ್ಕದಲ್ಲಿ ಡೋಸ್ ಸುಮಾರು 30 ಮಿ.ಗ್ರಾಂ. ಈ ಔಷಧಿಯಲ್ಲಿ ಎರಡು ಅಪಾಯಗಳಿವೆ. ಒಂದು ಹೃದಯಕ್ಕೆ: ಶುರುವಿಗೆ ಮೊದಲು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿ, ಒಟ್ಟು ಡೋಸ್ ಚದರ ಮೀಟರ್‌ಗೆ 180 ಮಿ.ಗ್ರಾಂ ಮೀರದಂತೆ ನೋಡಿಕೊಳ್ಳಬೇಕು. ಇನ್ನೊಂದು ರಕ್ತನಾಳದಿಂದ ಹೊರಗೆ ಸೋರಿದರೆ: ಆ ಜಾಗದ ಚರ್ಮ, ಮಾಂಸವೇ ಕೊಳೆತುಬಿಡುತ್ತದೆ. ಹಾಗಾಗಿ ಹೊಸದಾಗಿ, ಒಂದೇ ಚುಚ್ಚಿಗೆ ಸರಿಯಾಗಿ ಕೂತ ಕ್ಯಾತಿಟರ್‌ನಲ್ಲಿ, 20ರಿಂದ 30 ನಿಮಿಷ ನಿಧಾನವಾಗಿ ಹೋಗಬೇಕು. ಇದನ್ನು ಮಾಡಿ ಅಭ್ಯಾಸವಿರುವಲ್ಲೇ ಮಾಡಿಸಿ. ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಸುಡುತ್ತದೆ. ಬೆಳಿಗ್ಗೆಯೇ ಕೊಟ್ಟು ದಿನವಿಡೀ ನೀರು ಕುಡಿಸಿ, ಆಗಾಗ ಹೊರಗೆ ಬಿಡಬೇಕು. ಆ ಮಾತ್ರೆಯನ್ನು ಮುರಿಯಬೇಡಿ, ಪುಡಿ ಮಾಡಬೇಡಿ. ಕಾಲಿ ತಳಿಯ ನಾಯಿಗಳಿಗೆ ವಿನ್‌ಕ್ರಿಸ್ಟಿನ್, ಡಾಕ್ಸೋರುಬಿಸಿನ್ ಮಾಮೂಲಿ ಡೋಸ್‌ನಲ್ಲೇ ವಿಷವಾಗಬಹುದು. ಅಂಥ ನಾಯಿ ಇರುವವರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು.

ಮೂರನೆಯ ದಾರಿ ಪ್ರೆಡ್ನಿಸೋಲೋನ್ ಮಾತ್ರ. ಒಂದೆರಡು ತಿಂಗಳು ಹಸಿವು, ಲವಲವಿಕೆ ಇರುತ್ತದೆ. ಬಹಳ ನೀರು, ಬಹಳ ಮೂತ್ರ, ಬಹಳ ಹಸಿವು ಇದರ ಜೊತೆಗೇ ಬರುತ್ತವೆ. ಖರ್ಚು, ದೂರ, ನಾಯಿಯ ಸ್ಥಿತಿ ಎಲ್ಲ ನೋಡಿ ಇದನ್ನೇ ಆರಿಸಿಕೊಂಡರೆ ಅದು ಕೈಬಿಟ್ಟಂತೆ ಅಲ್ಲ. ಆದರೆ ಪರೀಕ್ಷೆ ಮುಗಿದ ಮೇಲೆ, ಇನ್ನು ಕೀಮೋ ಬೇಡ ಎಂದು ತಿಳಿದೇ ಮಾಡಿದ ಆಯ್ಕೆ ಅದಾಗಿರಬೇಕು. ಅರಿಶಿನ, ಪಪ್ಪಾಯಿ ಎಲೆ ರಸ, ಗೋಮೂತ್ರದಿಂದ ಗಂಟು ಕರಗುವುದಿಲ್ಲ. ಕೀಮೋ ನಡೆಯುವಾಗ ಹಸಿ ಮಾಂಸ, ಹಸಿ ಮೊಟ್ಟೆ ಕೊಡಬೇಡಿ. ಬೇಯಿಸಿದ ಕೋಳಿ, ಮೊಟ್ಟೆ, ಅನ್ನ ಧಾರಾಳವಾಗಿ ಕೊಡಿ.

ಕೀಮೋ ಶುರುವಾದರೆ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಪ್ರತಿ ಡೋಸ್ ಆದ ಸುಮಾರು ಏಳನೆಯ ದಿನ ಬಿಳಿ ರಕ್ತಕಣ ಅತಿ ಕಡಿಮೆಗೆ ಇಳಿಯುತ್ತದೆ. ಪ್ರತಿ ಸಲವೂ ಔಷಧಿಗೆ ಮೊದಲು ರಕ್ತ ನೋಡಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಮೈಕ್ರೋಲೀಟರ್‌ಗೆ 1,500ಕ್ಕಿಂತ ಕೆಳಗಿದ್ದರೆ ಒಂದು ವಾರ ಮುಂದೂಡಬೇಕು. ಗುದದ್ವಾರದಲ್ಲಿ ನೋಡಿದ ಉಷ್ಣತೆ 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ, ಅಥವಾ ಜ್ವರವಿಲ್ಲದೆಯೂ ಮಂಕಾಗಿ ಮಲಗಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ. ಪರೀಕ್ಷೆಗೆ ಕಾಯುತ್ತಿರುವ ಈಗಿನ ದಿನಗಳಲ್ಲೂ ಉಸಿರಾಟ ಗೊರಗೊರ ಎಂದರೆ, ಮುಖ ಊದಿಕೊಂಡರೆ, ಮೂಗಿನಿಂದ ರಕ್ತ ಬಂದರೆ, ಒಂದು ಇಡೀ ದಿನ ಊಟ ಬಿಟ್ಟರೆ ಅದೇ ಮಾತು ಅನ್ವಯ. ವೈದ್ಯರ ಬಳಿ ಹೋಗುವಾಗ ಹಳೆಯ ರಕ್ತಪರೀಕ್ಷೆಗಳು, ಕಳೆದ ಎರಡು ತಿಂಗಳಲ್ಲಿ ಕೊಟ್ಟ ಎಲ್ಲ ಔಷಧಿಗಳ ಪಟ್ಟಿ ಜೊತೆಗಿರಲಿ. ಕಿವಿ, ಕಣ್ಣು, ಚರ್ಮಕ್ಕೆ ಹಚ್ಚಿದ ಮುಲಾಮುಗಳನ್ನೂ ಅದರಲ್ಲಿ ಬರೆಯಿರಿ. ಅವುಗಳಲ್ಲಿ ಅನೇಕದರಲ್ಲಿ ಸ್ಟೀರಾಯ್ಡ್ ಇರುತ್ತದೆ.